ಹಂದಿಗೂಡಿನ ಗೊಬ್ಬರ ಹದಗೊಳಿಸುವುದು ಹೇಗೆ?

ಬೆಳಗ್ಗೆ ಹಂದಿಗೂಡಿಗೆ ಹೋದ ಕೂಡಲೇ ನೀರಿನ ಪೈಪ್ ಹಿಡಿಯಬೇಡಿ. ಮೊದಲು ಸಲಿಕೆ ಹಿಡಿಯಿರಿ. ಗಟ್ಟಿ ಸಗಣಿಯನ್ನು ಬಾಚಿ ತೆಗೆದ ಮೇಲೆ ತೊಳೆಯಿರಿ. ನೀರು ಬೆರೆತ ಸಗಣಿಯನ್ನು ರಾಶಿ ಹಾಕಲಾಗದು; ಕೊಡಗಿನ ಎಷ್ಟೋ ಕಡೆ ಅದು ತೋಡಿಗೆ ಇಳಿದು, ಕೊನೆಗೆ ಕಾವೇರಿಯನ್ನೇ ಸೇರುತ್ತದೆ. ಆ ನೀರನ್ನು ಕುಡಿಯುವವರು ಕೆಳಗೆ ಇದ್ದಾರೆ.

ಬಾಚಿದ ಸಗಣಿಗೆ ಒಣ ಪದಾರ್ಥ ಬೆರೆಸಲೇಬೇಕು. ರಾಶಿ ಚೆನ್ನಾಗಿ ಕಳಿಯಲು ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಂದಿ ಸಗಣಿಯಲ್ಲಿರುವುದು ಸುಮಾರು 10ರಿಂದ 15 ಪಾಲು ಮಾತ್ರ. ಮಿಕ್ಕ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ಘಾಟು, ನೀವು ದುಡ್ಡು ಕೊಟ್ಟು ಚೀಲದಲ್ಲಿ ತರುವ ಸಾರಜನಕವೇ. ಒಂದು ಬುಟ್ಟಿ ಸಗಣಿಗೆ ಎರಡು ಬುಟ್ಟಿ ತರಗೆಲೆ, ಕತ್ತರಿಸಿದ ಭತ್ತದ ಹುಲ್ಲು ಅಥವಾ ಕಾಫಿ ಹೊಟ್ಟು ಹಾಕಿ. ಮರದ ಹೊಟ್ಟೂ ಆದೀತು, ಆದರೆ ಕಳಿಯಲು ತಡ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಪಸೆ ಕಾಣಬೇಕು, ನೀರು ತೊಟ್ಟಿಕ್ಕಬಾರದು.

ಬಾವಿ, ತೋಡುಗಳಿಂದ ದೂರ, ತಗಡಿನ ಮಾಡಿನ ಕೆಳಗೆ ಜಾಗ ಆರಿಸಿ. ಅಡಿಗೆ ಕಡ್ಡಿ, ರೆಂಬೆ ಹರಡಿ, ಮೇಲೆ ಒಂದೂವರೆ ಮೀಟರ್ ಎತ್ತರ, ಎರಡು ಮೀಟರ್ ಅಗಲಕ್ಕೆ ರಾಶಿ ಕಟ್ಟಿ ತರಗೆಲೆ ಹೊದಿಸಿ.

ಎಲ್ಲಕ್ಕಿಂತ ಮುಖ್ಯ ಕಾವು. ಮೂರು ನಾಲ್ಕು ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರಬೇಕು. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕಬ್ಬಿಣದ ಸರಳು ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ, ಕೈಯಲ್ಲಿ ಹಿಡಿಯಲಾಗದಷ್ಟು ಸುಡಬೇಕು. ಈ ಬಿಸಿ ಹದಿನೈದು ದಿನ ಉಳಿಯಬೇಕು, ಅಷ್ಟರಲ್ಲಿ ಐದು ಬಾರಿಯಾದರೂ ರಾಶಿ ಮಗುಚಬೇಕು. ಪ್ರತಿ ಸಲವೂ ಹೊರಗಿನದು ಒಳಗೆ ಹೋಗಲಿ. ಹಂದಿಯ ಕರುಳಿನಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ತಣ್ಣಗಿರುವ ಅಂಚಿನಲ್ಲಿ ಬದುಕಿಕೊಳ್ಳುತ್ತವೆ. ಸೋಮಾರಿತನದಿಂದ ಮೇಲೆ ಮೇಲೆ ಕೆದಕಿದರೆ ಅವು ತೋಟಕ್ಕೂ ಬರುತ್ತವೆ. ಕೈಗವಸು, ಬೂಟು ಮರೆಯಬೇಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲದು, ಕೂಡಲೇ ಮಗುಚಿ. ಕಾವೇ ಏರದಿದ್ದರೆ ಹಿಂಡಿ ನೋಡಿ: ಒಣಗಿದ್ದರೆ ನೀರು ಚಿಮುಕಿಸಿ, ಒದ್ದೆಯಾಗಿದ್ದರೆ ತರಗೆಲೆ ಸೇರಿಸಿ.

ಗೂಡಿನಲ್ಲಿ ಹಂದಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರೆ ಗೊಬ್ಬರವನ್ನು ಅಲ್ಲಿಂದ ಕದಲಿಸದೆ ಪಶುವೈದ್ಯರಿಗೆ ತಿಳಿಸಿ. ಆಫ್ರಿಕನ್ ಹಂದಿ ಜ್ವರ ಸಗಣಿಯ ಮೂಲಕವೂ ಹರಡುತ್ತದೆ.

ಹದಿನೈದು ದಿನದ ಕಾವು ಮುಗಿದ ಮೇಲೆ ಎರಡು ತಿಂಗಳು ರಾಶಿಯನ್ನು ಅದರ ಪಾಡಿಗೆ ಬಿಡಿ. ಮಗುಚಿದರೂ ಬಿಸಿಯೇರದೆ, ಮಣ್ಣಿನ ವಾಸನೆ ಬಂದರೆ ಹದವಾಗಿದೆ. ಅನುಮಾನವಿದ್ದರೆ ಮಣ್ಣಿನೊಂದಿಗೆ ಬೆರೆಸಿ ಹೆಸರುಕಾಳು ಬಿತ್ತಿ. ಮೊಳಕೆ ಸುಡದೆ ಬಂದರೆ ಸರಿ. ಹಂದಿ ಆಹಾರದ ತಾಮ್ರ, ಸತು ಗೊಬ್ಬರದಲ್ಲಿ ಉಳಿಯುತ್ತವೆ, ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸದೆ ವರ್ಷವರ್ಷವೂ ಒಂದೇ ಪಟ್ಟೆಗೆ ಸುರಿಯಬೇಡಿ. ಕಾಫಿ, ಕರಿಮೆಣಸಿನ ಬುಡಕ್ಕೆ ತಾಗದಂತೆ ಸುತ್ತಲೂ ಹಾಕಿ.

ರೊಬಸ್ಟಾ ಕಾಫಿ ಕೊಯ್ಲು ಮುಗಿಯುವ ಫೆಬ್ರುವರಿಯಲ್ಲಿ ಹುಲ್ಲು, ತರಗೆಲೆ ಎರಡೂ ಕೈಗೆ ಸಿಗುತ್ತವೆ. ಆಗ ಕಟ್ಟಿದ ರಾಶಿ ಮೇ ತಿಂಗಳ ಮಳೆಯ ಹೊತ್ತಿಗೆ ತೋಟಕ್ಕೆ ಸಿದ್ಧ.