ಮುಂದಿನ ಗಾಡಿಯ ಅಂತರ: ಕಾರಿನ ಬೀಪ್ ಆಫ್ ಮಾಡಬೇಡಿ

ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆ ಕಾರಿನಲ್ಲಿ ಓಡಾಡುವವರಿಗೆ ಒಂದು ಮಾತು. ಹೊಸ ಕಾರುಗಳಲ್ಲಿ ಮುಂದಿನ ಗಾಡಿಗೆ ಡಿಕ್ಕಿಯಾಗುವಷ್ಟು ಹತ್ತಿರ ಹೋದರೆ ಬೀಪ್ ಬರುತ್ತದೆ ಅಲ್ವಾ, ಕಿರಿಕಿರಿ ಅಂತ ಕೆಲವರು ಅದನ್ನು ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. ಸೆಟ್ಟಿಂಗ್ಸ್‌ಗೆ ಹೋಗಿ ಎಚ್ಚರಿಕೆ ಆದಷ್ಟು ಬೇಗ ಬರುವ ಹಾಗೆ ಇಡಿ. ಕೆಲವು ಕಾರುಗಳು ಅಂತರವನ್ನು ಸೆಕೆಂಡಿನಲ್ಲೇ (ಮುಂದಿನ ಗಾಡಿ ದಾಟಿದ ಜಾಗಕ್ಕೆ ನೀವು ಎಷ್ಟು ಸೆಕೆಂಡಿನಲ್ಲಿ ತಲುಪುತ್ತೀರಿ ಅಂತ) ತೋರಿಸುತ್ತವೆ, ಅದು 2ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಗಾಬರಿಯಾಗಿ ಬ್ರೇಕ್ ತುಳಿಯುವುದಕ್ಕಿಂತ ಮೊದಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಅಂತರ ತಾನಾಗಿ ಜಾಸ್ತಿ ಆಗುತ್ತದೆ. 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಓಡುತ್ತದೆ. 2 ಸೆಕೆಂಡ್ ಅಂದರೆ ಬರೀ 44 ಮೀಟರ್! ಮಳೆಗಾಲದಲ್ಲಿ ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಎರೆಮಣ್ಣು ರಸ್ತೆ ತುಂಬಾ ಬಿದ್ದಿರುತ್ತದೆ, ಆಗ 4 ಸೆಕೆಂಡ್ ಬಿಡಿ.

ಸುಮ್ನೆ ಬೀಪ್ ಒಂದನ್ನೇ ನಂಬಬೇಡಿ. ಹಿಂದೆ ಲೈಟಿಲ್ಲದ ಕಬ್ಬಿನ ಟ್ರಾಲಿ ರಾತ್ರಿ, ಮುಂದಿನ ಗಾಡಿಯನ್ನು ಗುರುತಿಸುವ ಕಾರಿನ ಕ್ಯಾಮೆರಾಗೆ ಕಾಣದೇ ಇರಬಹುದು. ಕೆಸರು ಮೆತ್ತಿದರೆ ಅಂತರ ಅಳೆಯುವ ರಾಡಾರ್ ಕೂಡ ಕೈ ಕೊಡುತ್ತದೆ, ಹೊರಡುವ ಮೊದಲು ಬಂಪರ್, ಗಾಜು ಒರೆಸಿ.

ಹಳೆ ಕಾರಾ? ಮುಂದಿನ ಗಾಡಿ ಕಿಲೋಮೀಟರ್ ಕಲ್ಲು ದಾಟಿದ ಕೂಡಲೇ ‘ಸಾವಿರದ ಒಂದು, ಸಾವಿರದ ಎರಡು’ ಅಂತ ನಿಧಾನವಾಗಿ ಎಣಿಸಿ. ಮುಗಿಯುವ ಮೊದಲೇ ನೀವೂ ಕಲ್ಲು ದಾಟಿದರೆ ತುಂಬಾ ಹತ್ತಿರ ಇದ್ದೀರಿ, ಹಿಂದೆ ಸರಿಯಿರಿ.