ನೂರು ಸಿಸಿ ಗಾಡಿ, ಡಬಲ್ ಸೀಟ್, ಖರ್ದುಂಗ್ ಲಾ

ಕಾರ್ಬುರೇಟರಿನ ಹಳೆ ಸ್ಪ್ಲೆಂಡರ್ ಮೇಲೆ ಲಡಾಖಿನ ಎತ್ತರದ ಪಾಸ್ (ಬೆಟ್ಟ ದಾಟುವ ದಾರಿ) ಖರ್ದುಂಗ್ ಲಾಕ್ಕೆ ಡಬಲ್ ಸೀಟ್ ಹೋಗ್ತೀನಿ ಅಂದಾಗ ಕಲಬುರಗಿಯ ಗ್ಯಾರೇಜಿನಲ್ಲಿ ಎಲ್ಲರೂ ನಕ್ಕರು. "ಷಡ್ಡಕರನ್ನ ಇಳಿಸಿ ಗಾಡಿ ತಳ್ಳಸಬೇಕಾಗ್ತದ ನೋಡ್ರಿ" ಅಂದರು. ಷಡ್ಡಕ 80 ಕಿಲೋ ಇದ್ದಾನೆ. ಒಮ್ಮೆಯೂ ಇಳಿಯಲಿಲ್ಲ.

ಮೊದಲು ದುಡ್ಡು ಹೋದ ಕಥೆ. ಇಂಜಿನ್ನಿನ ಬೋರ್, ಅಂದ್ರೆ ಪಿಸ್ಟನ್ ಆಡುವ ಕೊಳವೆ, ದೊಡ್ಡದು ಮಾಡಿಸಿದೆ. ನಾಲ್ಕೈದು ಸಾವಿರ ಹೋಯಿತು, ಕುಂಚಾವರಂ ಕಡೆಯ ಏರಿನಲ್ಲಿ ಇಂಜಿನ್ ಕಾದು ನಿಂತಿತು. ಆಮೇಲೆ ಏರ್ ಫಿಲ್ಟರ್ ತೆಗೆದು ಓಡಿಸಿದೆ. ನಮ್ಮ ಕಡೆ ಧೂಳು ಗೊತ್ತಲ್ವಾ, ರಿಂಗ್ ಸವೆದು ಹೊಗೆ ಶುರುವಾಯಿತು. ಮತ್ತೆ ಒಂದೂವರೆ ಸಾವಿರ. ಪೆಟ್ರೋಲಿಗೆ ಬೆರೆಸುವ ಬಾಟಲಿ ಔಷಧಿಯಂತೂ ಸುಮ್ನೆ.

ಕೆಲಸ ಮಾಡಿದ್ದು ಅಗ್ಗದ್ದೇ. ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) 14 ಹಲ್ಲಿನ ಬದಲು 13ರದ್ದು, ಹಿಂದಿನದು ಎರಡು ಹಲ್ಲು ಜಾಸ್ತಿ. ಚೈನ್ ಸೇರಿ ಸಾವಿರದ ಆಸುಪಾಸು. ಅಷ್ಟೂರಿನಿಂದ ಬೀದರ್‌ಗೆ ಹತ್ತುವಾಗ ಇಬ್ಬರನ್ನೂ ಎರಡನೇ ಗೇರಿನಲ್ಲೇ ಎಳೆಯಿತು. ಗಾಡಿಯನ್ನು ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಪಾರ್ಸೆಲ್ ಹಾಕಿದೆ. ಟ್ಯಾಂಕ್ ಖಾಲಿ ಮಾಡಿ, ಗೋಣಿ ಸುತ್ತಿಸಿ, ದೆಹಲಿ ಮುಟ್ಟುವಷ್ಟರಲ್ಲಿ ಐದು ಸಾವಿರ ಆಗಿರಬೇಕು.

ಲೇಹ್‌ನಿಂದ ಮೇಲಕ್ಕೆ 39 ಕಿ.ಮೀ. ದಾರಿಯ ಚೆಕ್‌ಪೋಸ್ಟ್ ಸೌತ್ ಪುಲ್ಲು ದಾಟಿದ ಮೇಲೆ ಗಾಡಿ ಕೆಮ್ಮತೊಡಗಿತು. ಗಾಳಿ ತೆಳು, ಪೆಟ್ರೋಲ್ ಮಾತ್ರ ಅಷ್ಟೇ, ಪ್ಲಗ್ ಇದ್ದಿಲಾಗಿತ್ತು. ವಾಪಸ್ ಬಂದು ಕಾರ್ಬುರೇಟರಿಗೆ ಸಣ್ಣ ಮೇನ್ ಜೆಟ್ (ಪೆಟ್ರೋಲ್ ಹರಿಯುವ ತೂತು) ಹಾಕಿದೆ. ನಂಬರ್ ಕೇಳಬೇಡಿ. ಪೆಟ್ರೋಲ್ ಹೆಚ್ಚು-ಕಡಿಮೆ ಮಾಡುವ ನೀಡಲ್ಲಿನ ಕ್ಲಿಪ್ ಯಾವ ಕಚ್ಚಿನಲ್ಲಿಟ್ಟೆ ಅನ್ನೋದನ್ನೂ ಹೇಳಲ್ಲ. ನೀವೂ ಒಂದಿಷ್ಟು ಪ್ಲಗ್ ಸುಡಿ.

ಅಂದು ಸಂಜೆ ಲೇಹ್‌ನ ರೂಮಿನಲ್ಲಿ ಇನ್ನೊಂದು ಪ್ರಯೋಗ. ಊರಿನಿಂದ ಒಯ್ದ ತೊಗರಿ ಬೇಳೆಯನ್ನು ಕುಕ್ಕರ್ ಇಲ್ಲದೆ ಬೇಯಿಸಲು ಹೋದೆವು. ಸುಮಾರು 3,500 ಮೀಟರ್ ಎತ್ತರ, ನೀರು 88 ಡಿಗ್ರಿಗೇ ಕುದಿಯುತ್ತದೆ. ಎರಡು ತಾಸಾದರೂ ಬೇಳೆ ಕಲ್ಲು. ಜಿಐ ಟ್ಯಾಗ್ ಪಡೆದ ಬೇಳೆಗೆ ಆದ ಅವಮಾನ! ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದೆವು.

ಮರುದಿನ ಕೊನೆಯ ಏರೆಲ್ಲ ಮೊದಲ ಗೇರಿನಲ್ಲೇ, 15-20ರ ವೇಗ. ಅಲ್ಲಿ ಗಾಳಿಯ ಒತ್ತಡ ಕಲಬುರಗಿಯ ಅರ್ಧದಷ್ಟೇ. ತಿರುವೊಂದರಲ್ಲಿ 350 ಸಿಸಿ ಗಾಡಿಯೊಂದು ಕಪ್ಪು ಹೊಗೆ ಬಿಡುತ್ತ ನಿಂತಿತ್ತು, ಹಾರ್ನ್ ಹೊಡೆದು ಮುಂದೆ ಹೋದೆವು. ಮೇಲಿನ ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ಪಾಸಿನ ಹಳೆ ಲೆಕ್ಕ 18,380 ಅಡಿ, ಜಿಪಿಎಸ್ ಅಳತೆ 17,582. ಗ್ಯಾರೇಜಿನವರಿಗೆ ದೊಡ್ಡದನ್ನೇ ಹೇಳಿದೆ.

ಕೆಳಗೆ ಬಂದ ಕೂಡಲೇ ಹಳೆ ಜೆಟ್ ಹಾಕಿ. ಸಣ್ಣ ಜೆಟ್ಟಿನಲ್ಲೇ ನಮ್ಮ ಬೇಸಿಗೆಯಲ್ಲಿ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸ್ಪ್ರಾಕೆಟ್ ಮಾತ್ರ ನಾನಿನ್ನೂ ಬದಲಿಸಿಲ್ಲ. ಹುಮನಾಬಾದ್ ರೋಡಿನಲ್ಲಿ 60 ದಾಟಿದರೆ ಇಂಜಿನ್ ಕಿರುಚುತ್ತದೆ, ಷಡ್ಡಕ ಬೈಯುತ್ತಾನೆ.