ಹಳೇ ಕ್ಯಾಸಿಯೋ ಕೈಗೆ ಬಂದರೆ

ನಮ್ಮೂರಲ್ಲಿ ಕೀಬೋರ್ಡ್ ಅಂತ ಯಾರೂ ಹೇಳುತ್ತಿರಲಿಲ್ಲ. ಯಮಹಾ ಇರಲಿ, ಹೆಸರೇ ಇಲ್ಲದ ಆಟಿಕೆ ಇರಲಿ, ಎಲ್ಲವೂ ಕ್ಯಾಸಿಯೋ. ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುವವರು 'ಕ್ಯಾಸಿಯೋದವರು'. 1987ರಲ್ಲಿ ಚಿಕ್ಕಪ್ಪ ಕುವೈತ್‌ನಿಂದ ಪುತ್ತೂರಿನ ನಮ್ಮ ಮನೆಗೆ ತಂದದ್ದು ನಿಜವಾದ ಕ್ಯಾಸಿಯೋ, ಎಸ್‌ಕೆ-1. ಬೆರಳಿಗಿಂತ ಕಿರಿದಾದ 32 ಕೀಗಳು, ಮೈಯಲ್ಲೇ ಒಂದು ಮೈಕ್. ಅಣ್ಣ ಸ್ಯಾಂಪ್ಲಿಂಗ್ ಬಟನ್, ಅಂದರೆ ಹೊರಗಿನ ಸದ್ದನ್ನು ಹಿಡಿದಿಡುವ ಬಟನ್, ಒತ್ತಿ, ಬಸ್ ಕಂಡಕ್ಟರ್ ದನಿಯಲ್ಲಿ 'ರೈಟ್ ಪೋಯಿ!' ಎಂದು ಕೂಗಿದ. ಆಮೇಲೆ ಮೂರು ಕೀ ಒಟ್ಟಿಗೆ ಒತ್ತಿದ. ಮೂರು ಕಂಡಕ್ಟರುಗಳು ಮೂರು ಶ್ರುತಿಯಲ್ಲಿ ಕೂಗಿದರು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವರೆಲ್ಲ ಕೆಲಸ ಬಿಟ್ಟು ಒಳಗೆ ಬಂದರು.

ಆ ಎಸ್‌ಕೆ-1 ಈಗಲೂ ನನ್ನ ಹತ್ತಿರ ಇದೆ, ಕೆಲಸ ಮಾಡುತ್ತಿದೆ. ಅದರ ಜೊತೆಗೆ ಗುಜರಿಯಿಂದ, ಹಳೇ ಸಾಮಾನಿನ ಸಂತೆಯಿಂದ, ನೆಂಟರ ಅಟ್ಟದಿಂದ ಬಂದ ಇನ್ನೂ 11 ಇವೆ. ಅವನ್ನು ಬಿಚ್ಚಿ, ತೊಳೆದು, ತಂತಿ ಎಳೆದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಕ್ರಮ ಒಂದೇ. ಮೊದಲು ಒಂದು ತಿಂಗಳು ನುಡಿಸಿ, ಆಮೇಲೆ ಬಿಚ್ಚಿ. ಬಿಚ್ಚಿದ ಮೇಲೂ, ಮತ್ತೆ ಮೊದಲಿನಂತೆ ಮಾಡಲು ಆಗದ ಯಾವ ಕೆಲಸವನ್ನೂ ಮಾಡಬೇಡಿ. ಎಸ್‌ಕೆ-1 ಅನ್ನು ಯಾರೂ ಇನ್ನು ಹೊಸದಾಗಿ ತಯಾರಿಸುವುದಿಲ್ಲ, ಅಲ್ವಾ?

ಕೊಳ್ಳುವಾಗ

ಬೆಂಗಳೂರಿನ ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರಿಗೆ ಹೋಗುವಾಗ ಜೇಬಲ್ಲಿ ಆರು ಪೆನ್ಸಿಲ್ ಸೆಲ್ ಇಟ್ಟುಕೊಳ್ಳಿ. ಎಸ್‌ಕೆ-1ಕ್ಕೆ ಐದು ಸಾಕು. ಸೆಲ್ ಹಾಕುವ ಮುಚ್ಚಳ ತೆಗೆದು ಮೊದಲು ಸ್ಪ್ರಿಂಗ್ ನೋಡಿ. ಬಿಳಿ ಪುಡಿ, ಹಸಿರು ಕಲೆ ಇದ್ದರೆ ಹೆದರಬೇಡಿ, ಅದು ಹೋಗುತ್ತದೆ. ಸ್ಪ್ರಿಂಗ್ ತಿಂದುಹೋಗಿ ಮುರಿದಿದ್ದರೆ ಬೆಲೆ ಇಳಿಸಿ ಕೇಳಿ. ಒಂದೆರಡು ಕೀ ಸತ್ತಿದ್ದರೂ ತೊಂದರೆಯಿಲ್ಲ, ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಕೊಳೆ. ಆನ್ ಆಗಿ, ಸ್ಪೀಕರಿನಿಂದ ಸಣ್ಣ ಗುಂಯ್ ಬಂದು, ಯಾವ ಕೀಯೂ ಮಾತಾಡದಿದ್ದರೆ ಮಾತ್ರ ಬಿಟ್ಟುಬಿಡಿ. ಒಳಗಿನ ಮುಖ್ಯ ಚಿಪ್ಪೇ ಹೋಗಿರಬಹುದು, ಅದು ಸಿಗುವುದಿಲ್ಲ.

ಅಂಗಡಿಯವರು ಕೊಡುವ ಅಡಾಪ್ಟರನ್ನು ನೋಡದೆ ಚುಚ್ಚಬೇಡಿ. ನಾನು ಒಮ್ಮೆ ಚುಚ್ಚಿದೆ. 'ಎಲ್ಲದಕ್ಕೂ ಆಗುತ್ತೆ' ಎಂದು ಹೇಳಿ ಕೊಟ್ಟಿದ್ದರು, ಪಿನ್ ಕೂಡ ಸರಿಯಾಗಿ ಕೂತಿತು. ಸ್ವಿಚ್ ಹಾಕಿದ ಕೂಡಲೇ ಸುಟ್ಟ ವಾಸನೆ ಬಂತು. ಆ ಎಸ್‌ಎ-21 ಎಂಬ ಕ್ಯಾಸಿಯೋ ಮತ್ತೆ ಮಾತಾಡಲಿಲ್ಲ. ಇವತ್ತಿಗೂ ಆ ಖಾಲಿ ಡಬ್ಬಿ ನೋಡಿದರೆ ಬೇಜಾರಾಗುತ್ತದೆ. ಕಾರಣ ಇಷ್ಟೇ: ಹಳೇ ಕ್ಯಾಸಿಯೋಗಳಲ್ಲಿ ಹೆಚ್ಚಿನವಕ್ಕೆ ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಇವತ್ತು ಮನೆಯಲ್ಲಿ ಸಿಗುವ ರೌಟರ್ ಅಡಾಪ್ಟರುಗಳಲ್ಲಿ ಅದು ಉಲ್ಟಾ. ವೋಲ್ಟೇಜೂ ಬೇರೆ ಬೇರೆ, ಎಸ್‌ಕೆ-1ಕ್ಕೆ 7.5 ವೋಲ್ಟ್. ಜ್ಯಾಕ್ ಪಕ್ಕದಲ್ಲಿ ಅಚ್ಚಾಗಿರುವ ಚಿಹ್ನೆಯನ್ನು ಓದಿ, ಮಲ್ಟಿಮೀಟರಿನಲ್ಲಿ ಅಳೆದು, ಆಮೇಲೆ ಹಾಕಿ. ಬಿಚ್ಚಿ ಕೆಲಸ ಮಾಡುವಾಗಂತೂ ಸೆಲ್ ಬಿಟ್ಟು ಬೇರೆ ಏನೂ ಬೇಡ.

ನುಡಿಸುವುದು

ಇವುಗಳ ಕೊರತೆಗಳನ್ನು ಮೊದಲು ತಿಳಿದುಕೊಳ್ಳಬೇಕು, ಏಕೆಂದರೆ ರುಚಿ ಇರುವುದು ಅಲ್ಲೇ. ಎಸ್‌ಕೆ-1 ಒಂದೇ ಸಲಕ್ಕೆ ನಾಲ್ಕು ಸ್ವರ ಮಾತ್ರ ನುಡಿಸುತ್ತದೆ. ಹಾಗಾಗಿ ಎರಡು ಕೈ ತುಂಬ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿಯುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಎಡಗೈಗೆ ಸ-ಪ ಎರಡೇ ಸ್ವರ, ಬಲಗೈಗೆ ಒಂದು ಎಳೆ. ಇಷ್ಟರಲ್ಲೇ ಎಷ್ಟೋ ಹಾಡು ತುಂಬಿಕೊಳ್ಳುತ್ತದೆ.

ಕರ್ನಾಟಕ ಸಂಗೀತದ ಪಾಠ ಆದವರು ಸಿ ಕೀಯನ್ನು ಷಡ್ಜ ಮಾಡಿಕೊಂಡು ಸರಳೆ ವರಸೆ ನುಡಿಸಿ ನೋಡಿ. ಮಾಯಾಮಾಳವಗೌಳಕ್ಕೆ ರಿ ಮತ್ತು ದ ಕಪ್ಪು ಕೀ, ಉಳಿದದ್ದೆಲ್ಲ ಬಿಳಿ. ಏನೂ ಬಾರದ ಮಕ್ಕಳಿಗೆ ಬರೀ ಕಪ್ಪು ಕೀಗಳನ್ನು ಕೊಡಿ. ಮೂರು ಕಪ್ಪು ಕೀಗಳ ಗುಂಪಿನಲ್ಲಿ ಎಡಗಡೆಯದನ್ನು ಸ ಎಂದುಕೊಂಡರೆ ಐದು ಕಪ್ಪು ಕೀಯಲ್ಲಿ ಮೋಹನ ಸಿಗುತ್ತದೆ. ತಪ್ಪು ಸ್ವರ ಒತ್ತಲು ಜಾಗವೇ ಇಲ್ಲ. ಗಮಕ ಮಾತ್ರ ಕೀಯಲ್ಲಿ ಬರುವುದಿಲ್ಲ. ಆದರೆ ಎಸ್‌ಕೆ-1ರಲ್ಲಿ ಪೋರ್ಟಮೆಂಟೋ ಇದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಅದನ್ನು ಹಾಕಿ ಕೊಳಲಿನ ದನಿಯಲ್ಲಿ ನಿಧಾನ ನುಡಿಸಿದರೆ ಜಾರುವಿನ ಒಂದು ನೆರಳು ಸಿಗುತ್ತದೆ. ನನಗೆ ಅಷ್ಟು ಸಾಕು.

ಸ್ಯಾಂಪ್ಲಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಎಸ್‌ಕೆ-1 ಸುಮಾರು 1.4 ಸೆಕೆಂಡ್ ಸದ್ದನ್ನು 8 ಬಿಟ್‌ನಲ್ಲಿ ಹಿಡಿಯುತ್ತದೆ. ಸೆಕೆಂಡಿಗೆ ಸುಮಾರು 9,380 ಸಲ ಸದ್ದನ್ನು ಅಳೆಯುತ್ತದೆ. ಅದರ ಅರ್ಧಕ್ಕಿಂತ, ಅಂದರೆ ಸುಮಾರು 4,700 ಹರ್ಟ್ಸ್‌ಗಿಂತ ಮೇಲಿನದನ್ನು ಅದು ಹಿಡಿಯಲಾರದು. ಹಾಗಾಗಿ ಭಾಗವತರ ಜಾಗಟೆಯನ್ನು ಹಿಡಿದರೆ ಅದರ ಚುರುಕೆಲ್ಲ ಹೋಗಿ ಅಲ್ಯೂಮಿನಿಯಂ ಪಾತ್ರೆ ಬಡಿದ ಹಾಗಾಗುತ್ತದೆ. ಮನುಷ್ಯರ ಮಾತು, ಘಟ, ಮರದ ಬಾಗಿಲು, ಬಾವಿಗೆ ಬಿದ್ದ ಕೊಡಪಾನ, ಇವೆಲ್ಲ ಚೆನ್ನಾಗಿ ಬರುತ್ತವೆ. ಇನ್ನೊಂದು ವಿಷಯ. ಒಂದು ಸ್ಥಾಯಿ ಮೇಲೆ ನುಡಿಸಿದರೆ ಸದ್ದು ಎರಡರಷ್ಟು ವೇಗವಾಗಿ ಓಡಿ ಅರ್ಧ ಹೊತ್ತಿಗೆ ಮುಗಿಯುತ್ತದೆ. ಕೆಳಗೆ ನುಡಿಸಿದರೆ ಎಳೆದುಕೊಳ್ಳುತ್ತದೆ. ಅಣ್ಣನ 'ರೈಟ್ ಪೋಯಿ' ಮೇಲೆ ಗಿಳಿ, ಕೆಳಗೆ ಬಣ್ಣದ ವೇಷ.

ನನಗೆ ಅತಿ ಇಷ್ಟದ ಉಪಯೋಗ ಇದು: ಶ್ರುತಿ ಪೆಟ್ಟಿಗೆಯ ಷಡ್ಜವನ್ನು ಹಿಡಿದು, ಅದೇ ಮತ್ತೆ ಮತ್ತೆ ಸುತ್ತುವ ಹಾಗೆ ಲೂಪ್ ಹಾಕಿ. ಸೇರುವ ಕಡೆ ಸಣ್ಣದೊಂದು ಉಸಿರು ಕೇಳಿಸುತ್ತದೆ. ಆ ಉಸಿರೇ ತಾಳ ಆಗುತ್ತದೆ. ಸೆಲ್ ತೆಗೆದರೆ ಹಿಡಿದ ಸದ್ದು ಅಳಿಸಿಹೋಗುತ್ತದೆ, ಆದ್ದರಿಂದ ಒಳ್ಳೆಯದು ಸಿಕ್ಕಿದ ಕೂಡಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಮ್ಮ 1987ರ 'ರೈಟ್ ಪೋಯಿ' ಉಳಿದದ್ದು ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಬರೀ ಒಂದು ಬಟನ್ನಿನಲ್ಲಿ ಎಷ್ಟು ಸಂಗೀತ ಅಡಗಿರಬಹುದು ಅನ್ನುವುದಕ್ಕೆ 1981ರ ಕ್ಯಾಸಿಯೋ ಎಂಟಿ-40 ಸಾಕ್ಷಿ. ಅದರ 'ರಾಕ್' ತಾಳವನ್ನು ಜೋಡಿಸಿದ್ದು ಹಿರೋಕೋ ಓಕುಡಾ, ಸಂಗೀತ ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ. 1985ರಲ್ಲಿ ಜಮೈಕಾದಲ್ಲಿ ಗಾಯಕ ವೇನ್ ಸ್ಮಿತ್ ಮತ್ತು ನಿರ್ಮಾಪಕ ಕಿಂಗ್ ಜಾಮಿ ಅದೇ ಬಟನ್ನಿನ ಬೇಸ್ ಎಳೆಯ ಮೇಲೆ ಹಾಡು ಕಟ್ಟಿದರು. ಅಲ್ಲಿಂದ ರೆಗೆ ಸಂಗೀತದ ದಾರಿಯೇ ತಿರುಗಿತು. ಅವರು ಆ ಯಂತ್ರವನ್ನು ಬಿಚ್ಚಿರಲಿಲ್ಲ, ಕಿವಿಗೊಟ್ಟು ಕೇಳಿದ್ದರು.

ಬಿಚ್ಚಿ ತೊಳೆಯುವುದು

ಕರಾವಳಿಯ ಜುಲೈ ತಿಂಗಳಲ್ಲಿ ಗೋಡೆಗೇ ಬೂಸ್ಟು ಬರುತ್ತದೆ, ಇನ್ನು ಕೀಬೋರ್ಡಿನ ಪಾಡೇನು. ಸೆಲ್ ತೆಗೆಯಿರಿ. ಮಗುಚಿ ಹಾಕಿ, ತಿರುಪುಗಳನ್ನು ಬಿಚ್ಚಿ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಹಾಕುತ್ತಾ ಹೋಗಿ. ಮೊದಲ ಗುಳಿಯಲ್ಲಿ ಹೊರಗಿನ ತಿರುಪು, ಎರಡನೆಯದರಲ್ಲಿ ಬೋರ್ಡಿನದು, ಮೂರನೆಯದರಲ್ಲಿ ಕೀಗಳದು. ಉದ್ದ ತಿರುಪು ತಪ್ಪಿ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ತೂತಾಗುತ್ತದೆ. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಸ್ಪೀಕರ್ ತಂತಿ ಮೇಲಿನ ಅರ್ಧಕ್ಕೆ ಅಂಟಿಕೊಂಡಿರುತ್ತದೆ, ಎಳೆಯಬೇಡಿ.

ಕೀಗಳ ಕೆಳಗೆ ರಬ್ಬರ್ ಪಟ್ಟಿ, ಅದರಲ್ಲಿ ಕಪ್ಪು ಇಂಗಾಲದ ಬಿಲ್ಲೆಗಳು. ಅವು ಬೋರ್ಡಿನ ಮೇಲೆ ಒತ್ತಿದಾಗ ಸ್ವರ ಬರುತ್ತದೆ. ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಮೆತ್ತಗೆ ಒರೆಸಿ. ಬಿಲ್ಲೆಗಳಿಗೆ ಒಣ ಬಟ್ಟೆ ಸಾಕು. ಮರಳು ಕಾಗದ ಹಚ್ಚಿದರೆ ಇಂಗಾಲವೇ ಹೋಗುತ್ತದೆ, ಆಮೇಲೆ ಆ ಕೀ ಬದುಕುವುದಿಲ್ಲ.

ಸೆಲ್ ಸೋರಿದ ಜಾಗಕ್ಕೆ ಮದ್ದು ಸೆಲ್ಲಿನ ಜಾತಿಯ ಮೇಲೆ. ಆಲ್ಕಲೈನ್ ಸೆಲ್ಲಿನ ಬಿಳಿ ಪುಡಿ ಕ್ಷಾರ, ಅದಕ್ಕೆ ನಿಂಬೆ ರಸ ಅಥವಾ ವಿನೆಗರ್. ನಮ್ಮ ಟಾರ್ಚಿಗೆ ಹಾಕುವ ಅಗ್ಗದ ಜಿಂಕ್ ಸೆಲ್ಲಿನ ಸೋರಿಕೆ ಹುಳಿ, ಅದಕ್ಕೆ ಅಡುಗೆ ಸೋಡಾ ನೀರು. ಹತ್ತಿಯಲ್ಲಿ ಅದ್ದಿ ಒರೆಸಿ, ಆಲ್ಕೋಹಾಲಿನಿಂದ ಮತ್ತೆ ಒರೆಸಿ, ಒಂದು ರಾತ್ರಿ ಒಣಗಲು ಬಿಡಿ. ಮಳೆಗಾಲದಲ್ಲಿ ನಾನು ಅಕ್ಕಿ ಡ್ರಮ್ಮಿನ ಪಕ್ಕ ಇಡುತ್ತೇನೆ, ಮನೆಯಲ್ಲಿ ಒಣಗಿದ ಜಾಗ ಅದೊಂದೇ.

ತಂತಿ ಎಳೆಯುವುದು

ಯಂತ್ರದ ಒಳಗಿನ ಬೇರೆ ಬೇರೆ ಜಾಗಗಳನ್ನು ಬೇಕೆಂದೇ ತಂತಿಯಿಂದ ಸೇರಿಸಿ ಹೊಸ ಸದ್ದು ತೆಗೆಯುವುದಕ್ಕೆ ಸರ್ಕ್ಯೂಟ್ ಬೆಂಡಿಂಗ್ ಎನ್ನುತ್ತಾರೆ. ಅಮೆರಿಕದ ರೀಡ್ ಗಜಾಲಾ 1960ರ ದಶಕದಲ್ಲಿ, ಮೇಜಿನ ಡ್ರಾಯರಿನಲ್ಲಿ ಲೋಹಕ್ಕೆ ತಗಲಿ ಶಾರ್ಟ್ ಆದ ಸಣ್ಣ ಆಂಪ್ಲಿಫೈಯರಿನ ವಿಚಿತ್ರ ಕೂಗು ಕೇಳಿ ಶುರು ಮಾಡಿದ ವಿದ್ಯೆ. ಮೊದಲ ಪ್ರಯೋಗಕ್ಕೆ ಎಸ್‌ಕೆ-1 ಬೇಡ. ಜಾತ್ರೆಯಲ್ಲಿ ಸಿಗುವ ಆಟಿಕೆ ಪಿಯಾನೋ ತೆಗೆದುಕೊಳ್ಳಿ. ಮತ್ತೆ, ಗೋಡೆಯ ಕರೆಂಟ್ ನೇರವಾಗಿ ಒಳಗೆ ಬರುವ, ಒಳಗೇ ಟ್ರಾನ್ಸ್‌ಫಾರ್ಮರ್ ಇರುವ ದೊಡ್ಡ ಕೀಬೋರ್ಡುಗಳನ್ನು ಯಾವತ್ತೂ ಹೀಗೆ ಮುಟ್ಟಬೇಡಿ. ಅದರಲ್ಲಿ ಪ್ರಾಣ ಹೋಗುತ್ತದೆ.

ಆಟಿಕೆಗಳಲ್ಲಿ ಕಪ್ಪು ಅಂಟಿನ ಬೊಟ್ಟಿನ ಕೆಳಗೆ ಚಿಪ್ ಇರುತ್ತದೆ. ಅದರ ಹತ್ತಿರದ ಒಂದು ರೆಸಿಸ್ಟರ್ (ಕರೆಂಟಿನ ಹರಿವನ್ನು ತಡೆಯುವ ಸಣ್ಣ ಭಾಗ) ಶ್ರುತಿಯನ್ನು ನಿರ್ಧರಿಸುತ್ತದೆ. ಹುಡುಕುವುದು ಸುಲಭ. ಸೆಲ್ಲಿನಲ್ಲಿ ಓಡುತ್ತಿರುವಾಗ ಬೆರಳನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಒಂದೊಂದೇ ರೆಸಿಸ್ಟರಿನ ಎರಡೂ ತುದಿ ಮುಟ್ಟಿ. ಯಾವುದನ್ನು ಮುಟ್ಟಿದಾಗ ಹಾಡು ಏರುತ್ತದೋ ಅದೇ. ಅದನ್ನು ತೆಗೆದು, ಅದೇ ಜಾಗಕ್ಕೆ ಕಡಿಮೆ ಓಮ್‌ನ ಒಂದು ಸಣ್ಣ ರೆಸಿಸ್ಟರ್ ಮತ್ತು ಒಂದು ಪಾಟ್ (ತಿರುಗಿಸಿ ಬದಲಿಸಬಹುದಾದ ರೆಸಿಸ್ಟರ್) ಸರಣಿಯಲ್ಲಿ, ಒಂದರ ಹಿಂದೆ ಒಂದು, ಹಾಕಿ. ಪಾಟಿನ ಓಮ್ ಅಳತೆ ಮೂಲ ರೆಸಿಸ್ಟರಿನ ಮೂರು-ನಾಲ್ಕು ಪಟ್ಟು ಇರಲಿ. ಸಣ್ಣ ರೆಸಿಸ್ಟರ್ ಮರೆತರೆ, ಪಾಟ್ ಸೊನ್ನೆಗೆ ಬಂದಾಗ ಚಿಪ್ ಸ್ತಬ್ಧವಾಗುತ್ತದೆ. ತೆಗೆದ ರೆಸಿಸ್ಟರನ್ನು ಟೇಪಿನಲ್ಲಿ ಡಬ್ಬಿಯೊಳಗೇ ಅಂಟಿಸಿಡಿ.

ರೆಸಿಸ್ಟರಿನಿಂದ ಬದಲಾಗದ, ವೇಗವನ್ನು ಕ್ರಿಸ್ಟಲ್ ಎಂಬ ಭಾಗ ಕಾಯುವ ಯಂತ್ರಗಳಿಗೆ ಎಲ್‌ಟಿಸಿ1799 ಎಂಬ ಚಿಕ್ಕ ಚಿಪ್ ಇದೆ. ಒಂದು ಪಾಟಿನಿಂದ 1 ಕಿಲೋಹರ್ಟ್ಸ್‌ನಿಂದ 33 ಮೆಗಾಹರ್ಟ್ಸ್‌ವರೆಗೆ ಗಡಿಯಾರ (ಯಂತ್ರದ ವೇಗ ನಿರ್ಧರಿಸುವ ಮಿಡಿತ) ಕೊಡುತ್ತದೆ. ಅದಕ್ಕೆ 5.5 ವೋಲ್ಟ್‌ಗಿಂತ ಜಾಸ್ತಿ ಕೊಡಬಾರದು. ಸಾಸಿವೆಯಷ್ಟೇ ಇರುತ್ತದೆ, ಬೋರ್ಡಿನ ಮೇಲೆ ಬೆಸೆದದ್ದನ್ನೇ ಕೊಳ್ಳಿ.

ಇನ್ನು ಹೊಸ ಸದ್ದು ಹುಡುಕುವುದು. ಎರಡು ಮೊಸಳೆ ಕ್ಲಿಪ್, ನಡುವೆ 1 ಕಿಲೋ ಓಮ್ ರೆಸಿಸ್ಟರ್. ಯಂತ್ರದೊಳಗೇ ಇರುವ ಡೆಮೋ ಹಾಡು ಓಡಲಿ. ಸೆಲ್ಲಿನಿಂದ ಬರುವ ತಂತಿ, ದೊಡ್ಡ ಕೆಪಾಸಿಟರುಗಳು, ಸ್ಪೀಕರ್ ಆಂಪ್ಲಿಫೈಯರ್, ಇವನ್ನು ಬಿಟ್ಟು ಮೆಮೊರಿ ಚಿಪ್ಪಿನ ಕಾಲುಗಳ ನಡುವೆ ಮುಟ್ಟಿಸುತ್ತಾ ಹೋಗಿ. ಪಿಯಾನೋ ಗೊರಕೆಯಾಗುತ್ತದೆ, ತಾಳ ಮಧ್ಯದಲ್ಲಿ ಎಡವುತ್ತದೆ, ಎಲ್ಲಿಂದಲೋ ಮಿಡತೆ ಕೂಗುತ್ತದೆ. ಒಂದೊಂದನ್ನೂ ಬರೆದಿಡಿ: '7ರಿಂದ 12, ಚೆನ್ನಾಗಿದೆ'. ಬರೆಯದಿದ್ದರೆ ಅದು ಮತ್ತೆ ಸಿಗುವುದಿಲ್ಲ. ಯಂತ್ರ ಹೆಪ್ಪುಗಟ್ಟಿದರೆ ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ. ಯಾವುದಾದರೂ ಚಿಪ್ ಬೆರಳಿಗೆ ಬಿಸಿ ಹತ್ತಿದರೆ ಕೂಡಲೇ ಸೆಲ್ ತೆಗೆಯಿರಿ.

ಇಷ್ಟವಾದ ಜಾಗಗಳಿಗೆ ಸಣ್ಣ ತಂತಿ ಬೆಸೆದು ಸ್ವಿಚ್ಚಿಗೆ ತನ್ನಿ. ನಾನು ಐದಕ್ಕಿಂತ ಹೆಚ್ಚು ಹಾಕುವುದಿಲ್ಲ. ಇಪ್ಪತ್ತು ಸ್ವಿಚ್ ಇದ್ದರೆ ಯಾವುದನ್ನೂ ನುಡಿಸಲು ಕಲಿಯುವುದಿಲ್ಲ. ಸ್ವಿಚ್ ಬದಲು ಎರಡು ಹಿತ್ತಾಳೆ ತಿರುಪು ಹೊರಗೆ ಇಟ್ಟರೆ ಬೆರಳೇ ತಂತಿಯಾಗುತ್ತದೆ, ಒತ್ತಿದಷ್ಟು ಸದ್ದು ಬಾಗುತ್ತದೆ. ಬೆಸೆಯುವ ಕಾವಿ (ಸೋಲ್ಡರಿಂಗ್ ಐರನ್) 25 ವ್ಯಾಟಿನದು ಸಾಕು. ಹಳೇ ಕಂದು ಬೋರ್ಡುಗಳಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಾವಿ ಇಟ್ಟರೆ ತಾಮ್ರ ಸಿಪ್ಪೆಯ ಹಾಗೆ ಏಳುತ್ತದೆ. ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಎಸ್‌ಕೆ-1ರ ಮೈಗೆ ತೂತು ಕೊರೆಯಲು ನನಗೆ ಮನಸ್ಸು ಬರಲಿಲ್ಲ. ಸ್ವಿಚ್ಚುಗಳನ್ನು ಒಂದು ಸೋಪು ಡಬ್ಬಿಯಲ್ಲಿ ಕೂರಿಸಿ, ತಂತಿಯನ್ನು ಸೆಲ್ ಮುಚ್ಚಳದ ಸಂದಿಯಿಂದ ಹೊರಗೆ ತಂದಿದ್ದೇನೆ.

ಹೊರಗಿನ ಸ್ಪೀಕರಿಗೆ ಸದ್ದು ಕೊಡಲು ಎಸ್‌ಕೆ-1ರಲ್ಲಿ ಜ್ಯಾಕ್ ಇದೆ. ಆಟಿಕೆಗಳಲ್ಲಿ ಇರುವುದಿಲ್ಲ. ಸ್ಪೀಕರ್ ತಂತಿಯಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಆಮೇಲೆ 10 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರುಗಳಿಂದ ಸದ್ದು ಇಳಿಸಿ ಜ್ಯಾಕಿಗೆ ಕೊಡಿ. ಆದರೆ ಮೊದಲು ಮೀಟರಿನಲ್ಲಿ ನೋಡಿ, ಸ್ಪೀಕರಿನ ಒಂದು ತುದಿ ಸೆಲ್ಲಿನ ಮೈನಸ್‌ಗೆ ಸೇರಿದೆಯಾ ಅಂತ. ಎರಡು ತುದಿಯೂ ಸೇರಿಲ್ಲದಿದ್ದರೆ ಆ ತುದಿಗಳನ್ನು ಜ್ಯಾಕಿನ ನೆಲಕ್ಕೆ (ಗ್ರೌಂಡಿಗೆ) ಕೊಡಬೇಡಿ, ಆಂಪ್ಲಿಫೈಯರ್ ಹೋಗುತ್ತದೆ. ನೆಲವನ್ನು ಸೆಲ್ಲಿನ ಮೈನಸ್‌ನಿಂದ ತೆಗೆದುಕೊಳ್ಳಿ.

ಮುಚ್ಚುವ ಮೊದಲು ಒಂದು ಚೀಟಿ ಬರೆದು ಒಳಗೆ ಅಂಟಿಸಿ. ನನ್ನ ಎಸ್‌ಕೆ-1ರಲ್ಲಿ ಇರುವುದು ಹೀಗೆ: 'ಮೇ 2019. ನೀಲಿ ತಂತಿ ನಾಲ್ಕು, ಹಳದಿ ಒಂದು. ಐದನ್ನೂ ಕಿತ್ತರೆ ಮೊದಲಿನಂತೆ.' ಆಮೇಲೆ ತಿರುಪುಗಳು. ಪ್ಲಾಸ್ಟಿಕ್ಕಿನೊಳಗೆ ಕೂರುವ ತಿರುಪನ್ನು ನೇರವಾಗಿ ಬಿಗಿಯಬೇಡಿ. ಮೊದಲು ಉಲ್ಟಾ ತಿರುಗಿಸಿ. ಒಂದು ಸುತ್ತಿನಲ್ಲಿ ಟಿಕ್ ಎಂದು ಹಳೇ ದಾರಿಗೆ ಇಳಿಯುತ್ತದೆ. ಅಲ್ಲಿಂದ ಎರಡೇ ಬೆರಳಲ್ಲಿ, ಸಾಕು ಅನ್ನಿಸುವವರೆಗೆ ಬಿಗಿಯಿರಿ.